ಬೆಟ್ಟದ ಶಾಲೆಯೂ ಬೋಧನೆಯ ಯಂತ್ರವೂ

ಪೊಳ್ಳಾಚಿಯ ಕಡೆಯಿಂದ ಆಳಿಯಾರನ್ನು ದಾಟಿ ನಲವತ್ತು ಹೇರ್‌ಪಿನ್ ತಿರುವುಗಳನ್ನೇರಿದರೆ ಆನೆಮಲೆಯ ಮೇಲಣ ವಾಲ್ಪಾರೈ ಸಿಕ್ಕುತ್ತದೆ. ಚಹಾ ತೋಟಗಳ ಕಾರ್ಮಿಕರ ಮನೆಸಾಲುಗಳು ಇಲ್ಲಿ ಗುಡ್ಡಕ್ಕೊಂದರಂತೆ ಚದರಿವೆ. ತಮಿಳುನಾಡು ಸರ್ಕಾರವು 2011ರಲ್ಲಿ ಮೇಲ್ತರಗತಿಯ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚತೊಡಗಿತು. 2019ರಲ್ಲಿ ಶಿಕ್ಷಣಕ್ಕೆಂದೇ ‘ಕಲ್ವಿ’ ದೂರದರ್ಶನ ವಾಹಿನಿಯನ್ನು ತೆರೆಯಿತು. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದಾಗ ಪಾಠವೇ ತೆರೆಯ ಮೇಲೆ ಹೋಯಿತು. ಗುಡ್ಡದ ಮರೆಯಲ್ಲಿ ಸಂಕೇತವು ಕ್ಷೀಣಿಸುವ ಇಂಥ ಸೀಮೆಯಲ್ಲಿ ಯಂತ್ರವನ್ನು ಎಷ್ಟರಮಟ್ಟಿಗೆ ನೆಚ್ಚಬಹುದು? ಉತ್ತರಕ್ಕಾಗಿ ನಮ್ಮ ನಾಡಿನ ಅನುಭವವನ್ನೇ ನೋಡೋಣ.

1975ರ ಆಗಸ್ಟ್ 1ರಂದು ‘ಸೈಟ್’ ಎಂಬ ಉಪಗ್ರಹ ದೂರದರ್ಶನ ಪ್ರಯೋಗ ಮೊದಲಾಯಿತು. ಅಮೆರಿಕದಿಂದ ಎರವು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ತಲುಪಿದವು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದವು. ಬೆಳಗಿನ ಹೊತ್ತು ಶಾಲಾಮಕ್ಕಳಿಗೆ ಮೀಸಲು. ಆದರೆ 1976ರ ಜುಲೈ 31ಕ್ಕೆ ಎರವಿನ ಅವಧಿ ತೀರಿತು. ಉಪಗ್ರಹವು ಬೇರೆಡೆಗೆ ಸರಿಯಿತು. ಉಳಿದದ್ದು, ಅದೇ ಪ್ರಯೋಗದಲ್ಲಿ ರಜೆಯ ದಿನಗಳಲ್ಲಿ ತರಬೇತಿ ಪಡೆದ ಸಾವಿರಾರು ಉಪಾಧ್ಯಾಯರ ತಿಳಿವಳಿಕೆ.

ಎರಡನೆಯ ನಿದರ್ಶನ ನಮ್ಮ ಗಡಿಯದೇ. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟೆಯಿಂದ ‘ಎಜುಸ್ಯಾಟ್’ ಹಾರಿತು. ತಮಿಳುನಾಡಿನ ಗಡಿಗೆ ತಾಗಿದ ಚಾಮರಾಜನಗರ ಜಿಲ್ಲೆಯ 800ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಿಗೆ ಅದರಿಂದ ಪಾಠಗಳನ್ನು ಕಳುಹಿಸುವ ಏರ್ಪಾಡಾಯಿತು. ಈ ಸಲ ಉಪಗ್ರಹ ನಮ್ಮದೇ. ಆದರೂ 2010ರಲ್ಲಿ ಅದರ ಆಯುಷ್ಯ ಮುಗಿಯಿತು.

ಇವನ್ನು ವ್ಯರ್ಥವೆಂದು ನಾವು ಹೇಳುತ್ತಿಲ್ಲ. ಪುಸ್ತಕದಂಗಡಿಯೂ ಇಲ್ಲದ ಹಳ್ಳಿಗೆ ವಿಜ್ಞಾನದ ದೃಶ್ಯಗಳನ್ನು ತಂದದ್ದು ಸಣ್ಣ ಉಪಕಾರವಲ್ಲ. ಆದರೆ ಯಂತ್ರವನ್ನು ಕೊಳ್ಳುವಾಗ ಇರುವ ಉತ್ಸಾಹ ಅದರ ವಿದ್ಯುತ್ತಿಗೆ, ದುರಸ್ತಿಗೆ, ಅದನ್ನು ಬಳಸಬೇಕಾದವರ ಶಿಕ್ಷಣಕ್ಕೆ ಹಣ ಕೇಳುವಾಗ ಇರುವುದಿಲ್ಲ. ಪ್ರಸಾರವು ಎಲ್ಲರಿಗೂ ಒಂದೇ ವೇಗದಲ್ಲಿ ಸಾಗುತ್ತದೆ. ಹಿಂದುಳಿದ ಮಗುವಿಗಾಗಿ ನಿಲ್ಲುವವನು ಉಪಾಧ್ಯಾಯನೊಬ್ಬನೇ.

ತಮಿಳುನಾಡು ಈ ಮಾತನ್ನು ಕಾರ್ಯತಃ ಒಪ್ಪಿತು. ತೆರೆಯ ಪಾಠದಿಂದ ಕಲಿಕೆಯ ಕೊರತೆ ತುಂಬದೆ, 2021ರಲ್ಲಿ ‘ಇಲ್ಲಂ ತೇಡಿ ಕಲ್ವಿ’ ಯೋಜನೆಯಡಿ ಸ್ವಯಂಸೇವಕರನ್ನು ಮಕ್ಕಳ ಮನೆಯ ನೆರೆಗೇ ಕಳುಹಿಸಿತು.

ಆದುದರಿಂದ ಹೊಸ ಯಂತ್ರವು ಶಾಲೆಗೆ ಬಂದಾಗ ನಾವು ಕೇಳತಕ್ಕ ಪ್ರಶ್ನೆಗಳು ಮೂರು: ಕೆಟ್ಟರೆ ಸರಿಪಡಿಸುವವರು ಯಾರು, ಪಾಠ ಮಕ್ಕಳ ಮಾತಿನಲ್ಲಿದೆಯೆ, ಯಂತ್ರ ಹೋದ ಮೇಲೆ ಶಾಲೆಯಲ್ಲಿ ಉಳಿಯುವುದೇನು? ವಾಲ್ಪಾರೈಯ ತೋಟದ ಮಗುವಿಗೂ ನಮ್ಮ ಗಡಿಯ ಮಗುವಿಗೂ ಈ ಪ್ರಶ್ನೆಗಳು ಒಂದೇ.