ಶತ್ರುಗಳಾಗಿ ಹೋದವರು ಅತಿಥಿಗಳಾಗಿ ಮರಳಿದಾಗ

ಯುದ್ಧ ಮುಗಿದ ಮೇಲೆ ಬದುಕುಳಿದ ಸೈನಿಕನು ತನ್ನ ಊರಿಗೆ ಮರಳುವುದು ಲೋಕರೂಢಿ. ಅವನೇ ಮುಪ್ಪಿನ ಕಾಲದಲ್ಲಿ, ಕೈಯಲ್ಲಿ ಆಯುಧವಿಲ್ಲದೆ, ತಾನು ಹೋರಾಡಿದ ನಾಡಿಗೆ ಪ್ರವಾಸಿಯಾಗಿ ಮತ್ತೊಮ್ಮೆ ಹೋಗುವುದು ಅಷ್ಟು ಸಾಮಾನ್ಯವಲ್ಲ. ಮೊದಲನೆಯ ಮಹಾಯುದ್ಧದ ಅನಂತರ ಬ್ರಿಟಿಷ್ ಸೈನಿಕರು ಬೆಲ್ಜಿಯಮ್ ಮತ್ತು ಫ್ರಾನ್ಸಿನ ರಣಭೂಮಿಗಳಿಗೆ ಯಾತ್ರೆ ಹೋದದ್ದುಂಟು. ಎರಡನೆಯ ಮಹಾಯುದ್ಧದ ಅನಂತರ ಫ್ರಾನ್ಸಿನ ನಾರ್ಮಂಡಿ ತೀರಕ್ಕೂ ಹಳೆಯ ಯೋಧರು ಹೋಗುತ್ತಿದ್ದರು. ಆದರೆ ಅವರು ಹೋದದ್ದು ಮಿತ್ರರ ನೆಲಕ್ಕೆ. ಅಲ್ಲಿ ಅವರನ್ನು ವಿಮೋಚಕರೆಂದು ಗೌರವಿಸುವವರಿದ್ದರು. ಅಮೆರಿಕದ ಸೈನಿಕರು ವಿಯೆಟ್ನಾಮಿಗೆ ಮರಳಿ ಹೋದ ವೃತ್ತಾಂತ ಇದಕ್ಕಿಂತ ಭಿನ್ನವಾದುದು. ಅವರು ಹೋದದ್ದು ತಮ್ಮ ಬಾಂಬುಗಳಿಂದ ಗಾಯಗೊಂಡಿದ್ದ ಜನರ ಮನೆಬಾಗಿಲಿಗೆ.

ಈ ಮರುಭೇಟಿಗಳನ್ನು ಕುರಿತು ಬಂದ ಬರಹಗಳಲ್ಲಿ ಬಹುಪಾಲು, ಹೋದವರ ಮನಸ್ಸಿಗೆ ದೊರೆತ ಶಾಂತಿಯನ್ನೇ ವರ್ಣಿಸುತ್ತವೆ. ಅದು ಸಹಜ. ಆದರೆ ನೀತಿಯ ದೃಷ್ಟಿಯಿಂದ ನೋಡುವವರು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ: ಅವರು ಬಂದುಹೋದದ್ದರಿಂದ ಆತಿಥ್ಯ ನೀಡಿದವರಿಗೆ ದೊರೆತದ್ದೇನು? ಪ್ರಸ್ತುತ ಲೇಖನದಲ್ಲಿ ಆ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಕೆಲವು ಸಂಗತಿಗಳನ್ನು ಪರಿಶೀಲಿಸೋಣ.

ಮೊದಲು ಯುದ್ಧದ ಪ್ರಮಾಣವನ್ನು ಅರಿಯುವುದು ಅಗತ್ಯ. 1965ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಕಾದಾಳುಪಡೆಗಳು ದಾ ನಾಂಗ್ ತೀರದಲ್ಲಿ ಬಂದಿಳಿದವು. 1973ರ ಜನವರಿ 27ರಂದು ಪ್ಯಾರಿಸ್ ಒಪ್ಪಂದಕ್ಕೆ ಸಹಿ ಬಿದ್ದಿತು. ಎರಡು ತಿಂಗಳಲ್ಲಿ ಆ ಪಡೆಗಳು ಹಿಂದಿರುಗಿದವು. 1975ರ ಏಪ್ರಿಲ್ 30ರಂದು ಸೈಗಾನ್ ನಗರ ಉತ್ತರ ವಿಯೆಟ್ನಾಮಿನ ಸೇನೆಯ ವಶವಾಗಿ ಯುದ್ಧ ಕೊನೆಗೊಂಡಿತು. ಸುಮಾರು 27 ಲಕ್ಷ ಅಮೆರಿಕನ್ನರು ಆ ನೆಲದಲ್ಲಿ ಸೇವೆ ಸಲ್ಲಿಸಿದರು. ಮಡಿದ 58,000ಕ್ಕೂ ಹೆಚ್ಚು ಮಂದಿಯ ಹೆಸರುಗಳು ವಾಷಿಂಗ್ಟನ್ನಿನ ಕಪ್ಪುಶಿಲೆಯ ಸ್ಮಾರಕದ ಮೇಲಿವೆ. ವಿಯೆಟ್ನಾಮ್ ಸರಕಾರ 1995ರಲ್ಲಿ ಪ್ರಕಟಿಸಿದ ಅಂಕಿಗಳ ಪ್ರಕಾರ ಸತ್ತ ನಾಗರಿಕರು ಸುಮಾರು 20 ಲಕ್ಷ. ಉತ್ತರದ ಪಕ್ಷದ ಯೋಧರು 11 ಲಕ್ಷ. ಈ ಎರಡು ಲೆಕ್ಕಗಳ ನಡುವಿನ ಅಂತರವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನು ಓದಬೇಕು.

ಮರಳಿ ಹೋಗುವ ದಾರಿ ಒಮ್ಮೆಲೇ ತೆರೆಯಲಿಲ್ಲ. 1981ರ ಡಿಸೆಂಬರಿನಲ್ಲಿ ರಾಬರ್ಟ್ ಮುಲ್ಲರ್ ಎಂಬ ಮಾಜಿ ಯೋಧನ ನೇತೃತ್ವದಲ್ಲಿ ನಾಲ್ವರ ಸಣ್ಣ ನಿಯೋಗವೊಂದು ಹನೋಯ್ ನಗರಕ್ಕೆ ಹೋಯಿತು. ಯುದ್ಧದಲ್ಲಿ ಗುಂಡುತಗುಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ಮುಲ್ಲರ್ ಗಾಲಿಕುರ್ಚಿಯಲ್ಲಿ ಕುಳಿತೇ ಹೋದರು. ಶತ್ರುವಿನೊಡನೆ ಕೈಕುಲುಕಿದರೆಂದು ಅವರು ಸ್ವದೇಶದಲ್ಲಿ ಕಟುನಿಂದೆಯನ್ನು ಕೇಳಬೇಕಾಯಿತು. 1986ರಲ್ಲಿ ವಿಯೆಟ್ನಾಮ್ 'ದೋಯ್ ಮೋಯ್' ಎಂಬ ಆರ್ಥಿಕ ಸುಧಾರಣೆಯನ್ನು ಕೈಗೊಂಡು ಹೊರಗಿನ ವ್ಯಾಪಾರಕ್ಕೂ ಪ್ರವಾಸಿಗಳಿಗೂ ಬಾಗಿಲು ತೆರೆಯತೊಡಗಿತು. 1991ರ ಕೊನೆಯಲ್ಲಿ ಅಮೆರಿಕವು ತನ್ನ ಪ್ರಜೆಗಳ ಸಂಘಟಿತ ಪ್ರವಾಸಗಳ ಮೇಲಿದ್ದ ನಿರ್ಬಂಧವನ್ನು ಸಡಿಲಿಸಿತು. 1994ರ ಫೆಬ್ರವರಿಯಲ್ಲಿ ವ್ಯಾಪಾರ ನಿಷೇಧವೂ ತೆರವಾಯಿತು. 1995ರ ಜುಲೈ ತಿಂಗಳಲ್ಲಿ ರಾಜತಾಂತ್ರಿಕ ಸಂಬಂಧ ಏರ್ಪಟ್ಟಿತು. ಅಲ್ಲಿಂದಾಚೆಗೆ ಸಾವಿರಾರು ಮಾಜಿ ಯೋಧರು, ಹಲವರು ಪತ್ನಿ ಮಕ್ಕಳೊಡನೆ, ತಾವು ಯೌವನದಲ್ಲಿ ಕಾವಲು ನಿಂತ ಗುಡ್ಡಗಳನ್ನು ಹುಡುಕಿಕೊಂಡು ಹೋದರು.

ಅವರನ್ನು ಬೆರಗುಗೊಳಿಸಿದ್ದು ಅಲ್ಲಿನ ಸ್ವಾಗತ. ದ್ವೇಷವನ್ನು ನಿರೀಕ್ಷಿಸಿದ್ದವರಿಗೆ ಚಹಾ ದೊರೆಯಿತು. ಇದನ್ನು ಕೇವಲ ಕ್ಷಮಾಗುಣವೆಂದು ಹೊಗಳಿ ಬಿಡುವುದು ಇತಿಹಾಸಕ್ಕೆ ನ್ಯಾಯವಾಗದು. ಗೆದ್ದವನಿಗೆ ಔದಾರ್ಯ ತೋರುವುದು ಸೋತವನಿಗಿಂತ ಸುಲಭ. ವಿಯೆಟ್ನಾಮೀಯರ ದೀರ್ಘ ಸ್ಮರಣೆಯಲ್ಲಿ ಚೀನಾ ಮತ್ತು ಫ್ರಾನ್ಸುಗಳ ಆಳ್ವಿಕೆಯ ಮುಂದೆ ಅಮೆರಿಕದ ಯುದ್ಧ ಅಲ್ಪಕಾಲದ ಅಧ್ಯಾಯ. 1979ರಲ್ಲಿ ಚೀನಾದೊಡನೆ ಅವರು ಮತ್ತೊಂದು ಯುದ್ಧವನ್ನೂ ಕಂಡರು. ಬಡತನದಲ್ಲಿದ್ದ ದೇಶಕ್ಕೆ ಪ್ರವಾಸಿಗಳ ಹಣ ಬೇಕಾಗಿತ್ತು. ಇಂದಿನ ವಿಯೆಟ್ನಾಮೀಯರಲ್ಲಿ ಬಹುಪಾಲು ಜನ 1975ರ ಅನಂತರ ಹುಟ್ಟಿದವರು. ಇಷ್ಟೆಲ್ಲ ಕಾರಣಗಳಿದ್ದರೂ, ಮಗನನ್ನು ಕಳೆದುಕೊಂಡ ತಾಯಿ ಮಾಜಿ ಸೈನಿಕನಿಗೆ ಚಹಾ ಕೊಡುವಾಗ ಅದು ಸರಕಾರದ ಧೋರಣೆಯಷ್ಟೇ ಆಗಿರಲಾರದು ಎಂಬುದನ್ನೂ ಒಪ್ಪಬೇಕು.

ಇಲ್ಲಿ ಪೀಟ್ ಪೀಟರ್‌ಸನ್ನರ ಉದಾಹರಣೆ ಸ್ಮರಣೀಯ. ಬಾಂಬರ್ ವಿಮಾನದ ಚಾಲಕರಾಗಿದ್ದ ಅವರ ವಿಮಾನವನ್ನು 1966ರ ಸೆಪ್ಟೆಂಬರ್ 10ರಂದು ಹೊಡೆದುರುಳಿಸಲಾಯಿತು. ಆನ್ ದೋಯ್ ಎಂಬ ಹಳ್ಳಿಯ ರೈತರು ಗಾಯಗೊಂಡಿದ್ದ ಅವರನ್ನು ಹಿಡಿದರು. ಆರು ವರ್ಷಕ್ಕೂ ಹೆಚ್ಚು ಕಾಲ ಅವರು ಸೆರೆಯಲ್ಲಿದ್ದರು, ಚಿತ್ರಹಿಂಸೆಯನ್ನೂ ಅನುಭವಿಸಿದರು. ಅದೇ ವ್ಯಕ್ತಿ 1997ರಲ್ಲಿ ಯುದ್ಧಾನಂತರದ ಮೊದಲ ಅಮೆರಿಕನ್ ರಾಯಭಾರಿಯಾಗಿ ಹನೋಯ್‌ಗೆ ಬಂದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಅದೇ ಹಳ್ಳಿಗೆ ಹೋಗಿ, ತಮ್ಮನ್ನು ಸೆರೆಹಿಡಿದವರಲ್ಲಿ ಇಬ್ಬರನ್ನು ಕಂಡು, ಅವರ ಮನೆಯಲ್ಲಿ ಚಹಾ ಕುಡಿದರು. ಬಾಂಬು ಹಾಕಲು ಬಂದವನೂ ಹಿಡಿದುಕೊಟ್ಟವನೂ ಒಂದೇ ಮೇಜಿನ ಮುಂದೆ ಕುಳಿತಾಗ ಯಾರು ಯಾರನ್ನು ಕ್ಷಮಿಸಿದರೆಂದು ಹೇಳುವುದು ಕಷ್ಟ.

ಇದಕ್ಕಿಂತ ಕಠಿಣವಾದುದು ಮೈ ಲಾಯ್ ಹಳ್ಳಿಯ ಪ್ರಸಂಗ. 1968ರ ಮಾರ್ಚ್ 16ರ ಬೆಳಿಗ್ಗೆ ಅಮೆರಿಕದ ತುಕಡಿಯೊಂದು ಅಲ್ಲಿ ನಿರಾಯುಧರಾದ ಹೆಂಗಸರು, ಮಕ್ಕಳು, ವೃದ್ಧರನ್ನು ಕೊಂದಿತು. ಅಲ್ಲಿನ ಸ್ಮಾರಕದಲ್ಲಿ 504 ಹೆಸರುಗಳಿವೆ. ಅಂದು ಹೆಲಿಕಾಪ್ಟರಿನಲ್ಲಿ ಮೇಲೆ ಹಾರುತ್ತಿದ್ದ ಹ್ಯೂ ಥಾಂಪ್ಸನ್ ಎಂಬ ಯುವ ಅಧಿಕಾರಿ ಈ ಘೋರವನ್ನು ಕಂಡು, ತನ್ನವರಿಗೂ ಹಳ್ಳಿಗರಿಗೂ ನಡುವೆ ಯಂತ್ರವನ್ನು ಇಳಿಸಿದನು. ಹಳ್ಳಿಗರ ಮೇಲೆ ಗುಂಡು ಹಾರಿಸಿದರೆ ಸ್ವಪಕ್ಷದ ಸೈನಿಕರ ಮೇಲೆಯೇ ಗುಂಡು ಹಾರಿಸುವಂತೆ ತನ್ನ ಸಂಗಡಿಗರಾದ ಲಾರೆನ್ಸ್ ಕೋಲ್ಬರ್ನ್ ಮತ್ತು ಗ್ಲೆನ್ ಆಂಡ್ರಿಯೊಟ್ಟ ಅವರಿಗೆ ಹೇಳಿ, ಅಡಗಿದ್ದ ಕೆಲವರನ್ನು ರಕ್ಷಿಸಿದನು. ಆಂಡ್ರಿಯೊಟ್ಟ ಮೂರು ವಾರಗಳಲ್ಲಿ ಯುದ್ಧದಲ್ಲಿ ಮಡಿದನು. ಸತ್ಯ ನುಡಿದ ಥಾಂಪ್ಸನ್ನರನ್ನು ದೇಶದ್ರೋಹಿಯೆಂದು ಜರೆದವರಿದ್ದರು. ಸರಕಾರ ಅವರಿಗೆ ಪದಕವಿತ್ತದ್ದು 1998ರಲ್ಲಿ, ಮೂವತ್ತು ವರ್ಷಗಳ ಅನಂತರ.

ಅದೇ ತಿಂಗಳು ಥಾಂಪ್ಸನ್ ಮತ್ತು ಕೋಲ್ಬರ್ನ್ ಮೈ ಲಾಯ್‌ಗೆ ಹೋಗಿ ತಾವು ಉಳಿಸಿದ್ದ ಹೆಂಗಸರನ್ನು ಭೇಟಿಯಾದರು. ಥಾಂಪ್ಸನ್ ಅನಂತರ ಹೇಳಿಕೊಂಡಂತೆ, ಆ ಹೆಂಗಸರಲ್ಲೊಬ್ಬಳು, ಕೊಂದವರೇಕೆ ನಿಮ್ಮೊಡನೆ ಬರಲಿಲ್ಲ ಎಂದು ಕೇಳಿದಳು. ಸೇಡಿನ ಮಾತು ಬರಬಹುದೆಂದು ಅವರು ಅಂಜಿದರು. ಅವರನ್ನು ನಾವು ಕ್ಷಮಿಸಬಹುದಾಗಿತ್ತು ಎಂದಳಂತೆ ಆಕೆ. ಆ ಹತ್ಯೆಗಾಗಿ ಶಿಕ್ಷೆಗೆ ಗುರಿಯಾದ ಒಬ್ಬನೇ ಅಧಿಕಾರಿ ವಿಲಿಯಂ ಕ್ಯಾಲಿ. ಆಜೀವ ಶಿಕ್ಷೆ ವಿಧಿಸಲ್ಪಟ್ಟರೂ ಅವನು ಕೆಲವೇ ವರ್ಷಗಳಲ್ಲಿ ಬಿಡುಗಡೆಯಾದನು. 2009ರಲ್ಲಿ ಅಮೆರಿಕದ ಕೊಲಂಬಸ್ ನಗರದ ಸಭೆಯೊಂದರಲ್ಲಿ ಅವನು ಮೊದಲ ಬಾರಿಗೆ ಬಹಿರಂಗವಾಗಿ ಪಶ್ಚಾತ್ತಾಪವನ್ನು ನುಡಿದನು. ಆದರೆ ಆ ಸಭೆಯಲ್ಲಿ ಕ್ಷಮಿಸುವ ಹಕ್ಕುಳ್ಳವರು ಯಾರೂ ಇರಲಿಲ್ಲ. ಕ್ಷಮೆ ಕೇಳಬೇಕಾದದ್ದು ನೊಂದವರ ಎದುರು. ವರ್ಷಕ್ಕೊಮ್ಮೆ ಕ್ಷಮಾವಾಣಿಯನ್ನು ಆಚರಿಸುವ ನಮಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

ಕೆಲವರು ಬರಿಗೈಯಲ್ಲಿ ಹೋಗಲಿಲ್ಲ. 1967ರಲ್ಲಿ ಒಬ್ಬ ತರುಣ ಸೈನಿಕ ತಾನು ಕೊಂದ ವಿಯೆಟ್ನಾಮೀ ಯೋಧನ ಬಳಿ ಒಂದು ಪುಟ್ಟ ಭಾವಚಿತ್ರವನ್ನು ಕಂಡನು. ಅದರಲ್ಲಿ ಆ ಯೋಧನೂ ಅವನ ಪುಟ್ಟ ಮಗಳೂ ಇದ್ದರು. ಅಮೆರಿಕದವನು ಆ ಚಿತ್ರವನ್ನು ಇಪ್ಪತ್ತೆರಡು ವರ್ಷ ತನ್ನ ಬಳಿಯೇ ಇಟ್ಟುಕೊಂಡನು. 1989ರಲ್ಲಿ ಅದನ್ನು ಒಂದು ಪತ್ರದೊಡನೆ ವಾಷಿಂಗ್ಟನ್ ಸ್ಮಾರಕದ ಬುಡದಲ್ಲಿ ಇಟ್ಟು ಬಂದನು. ಹಾಗೆ ಬಿಟ್ಟುಬಂದುದು ಕೆಲವು ವರ್ಷಗಳಲ್ಲಿ ಅವನಿಗೇ ಮರಳಿ ಬಂದಿತು. ಕೊನೆಗೆ ವಿಯೆಟ್ನಾಮಿನಲ್ಲಿ ಆ ಮಗಳ ಪತ್ತೆಯಾಗಿ, 2000ದಲ್ಲಿ ಅವನು ಅಲ್ಲಿಗೆ ಹೋಗಿ ಚಿತ್ರವನ್ನು ಆಕೆಯ ಕೈಯಲ್ಲಿಟ್ಟನು. ಆಕೆ ಅವನನ್ನು ತಬ್ಬಿಕೊಂಡು ಅತ್ತಳು. ಸ್ಮಾರಕದ ಬಳಿ ಇಟ್ಟಾಗ ಇಳಿಯದ ಭಾರ, ಅದು ಸಲ್ಲಬೇಕಾದವರಿಗೆ ಸಂದಾಗ ಇಳಿಯಿತು.

ಇದು ಒಬ್ಬನ ಕಥೆಯಷ್ಟೇ ಅಲ್ಲ. ಲಕ್ಷಾಂತರ ವಿಯೆಟ್ನಾಮೀ ಯೋಧರ ಅವಶೇಷಗಳು ಎಲ್ಲಿವೆಯೆಂದು ಅವರ ಮನೆಯವರಿಗೆ ಇಂದಿಗೂ ತಿಳಿಯದು. ಮನೆಯಲ್ಲಿ ಪೂರ್ವಜರ ಪೀಠವಿಟ್ಟು ಪೂಜಿಸುವ ಆ ಜನರಲ್ಲಿ, ಸಂಸ್ಕಾರವಿಲ್ಲದೆ ಸತ್ತವರ ಆತ್ಮ ಅಲೆಯುತ್ತದೆಂಬ ನಂಬಿಕೆಯಿದೆ. ವಿಯೆಟ್ನಾಮ್ ವೆಟರನ್ಸ್ ಆಫ್ ಅಮೆರಿಕ ಎಂಬ ಸಂಘವು 1994ರಿಂದ, ತನ್ನ ಸದಸ್ಯರ ಮನೆಗಳಲ್ಲಿ ಉಳಿದಿದ್ದ ದಿನಚರಿ, ಕಾಗದಪತ್ರ, ನಕ್ಷೆಗಳನ್ನೂ, ಶತ್ರುಗಳನ್ನು ಎಲ್ಲಿ ಹೂಳಲಾಯಿತೆಂಬ ನೆನಪುಗಳನ್ನೂ ಸಂಗ್ರಹಿಸಿ ವಿಯೆಟ್ನಾಮಿನ ಮಾಜಿ ಯೋಧರಿಗೆ ಒಪ್ಪಿಸುವ ಕಾರ್ಯವನ್ನು ನಡೆಸಿತು. ತಾವು ಹೂಳಿದ ಸ್ಥಳವನ್ನು ನಲವತ್ತು ವರ್ಷಗಳ ಮೇಲೆ ಬೆರಳಿಟ್ಟು ತೋರಿಸುವುದಕ್ಕೆ ಧೈರ್ಯ ಬೇಕು.

ಇನ್ನು ನೆಲದ ಮಾತು. ಸುರಿದ ಬಾಂಬುಗಳಲ್ಲಿ ಸುಮಾರು ಶೇಕಡಾ 10ರಷ್ಟು ಸಿಡಿಯದೆ ಉಳಿದವೆಂದು ಅಂದಾಜಿದೆ. 1975ರ ಅನಂತರವೂ ಅವುಗಳಿಂದ 40,000 ಮಂದಿ ಸತ್ತರೆಂದು ವಿಯೆಟ್ನಾಮ್ ಸರಕಾರದ ಲೆಕ್ಕ. ಉತ್ತರ ದಕ್ಷಿಣಗಳ ಗಡಿಯಲ್ಲಿದ್ದ ಕ್ವಾಂಗ್ ತ್ರಿ ಪ್ರಾಂತ ಇದರಿಂದ ಅತಿ ಹೆಚ್ಚು ನೊಂದಿತು. ಯುದ್ಧಕಾಲದಲ್ಲಿ ಸೈಗಾನಿನ ಗುಪ್ತಚರ ವಿಭಾಗದಲ್ಲಿದ್ದ ಚಕ್ ಸೀರ್ಸಿ 1992ರಲ್ಲಿ ಪ್ರವಾಸಿಯಾಗಿ ಹೋದವರು, 1995ರಲ್ಲಿ ಹನೋಯ್‌ನಲ್ಲೇ ನೆಲೆಸಿದರು. ಅವರೂ ಇತರರೂ ಸೇರಿ 2001ರಲ್ಲಿ ಕ್ವಾಂಗ್ ತ್ರಿ ಪ್ರಾಂತದ ಆಡಳಿತದ ಸಹಕಾರದೊಡನೆ 'ಪ್ರಾಜೆಕ್ಟ್ ರಿನ್ಯೂ' ಎಂಬ ಯೋಜನೆಯನ್ನು ಆರಂಭಿಸಿದರು. ಸಿಡಿಯದ ಬಾಂಬುಗಳನ್ನು ಗುರುತಿಸಿ ತೆಗೆಯುವುದು, ಶಾಲೆಯ ಮಕ್ಕಳಿಗೆ ಎಚ್ಚರಿಕೆ ಕಲಿಸುವುದು, ಕೈಕಾಲು ಕಳೆದುಕೊಂಡವರಿಗೆ ಕೃತಕ ಅವಯವ ಒದಗಿಸುವುದು ಅದರ ಕಾರ್ಯ. ಅಲ್ಲಿ ಅಪಘಾತಗಳು ಬಹಳ ಇಳಿದಿವೆ.

ಮೈಕ್ ಬೋಮ್ ಎಂಬ ಇನ್ನೊಬ್ಬ ಮಾಜಿ ಯೋಧ 1992ರಲ್ಲಿ ಮೈ ಲಾಯ್‌ಗೆ ಹೋಗಿ, ಮಡಿದವರ ಸ್ಮರಣೆಗಾಗಿ ಪಿಟೀಲು ನುಡಿಸಿದರು. ಪ್ರವಾಸ ಅಲ್ಲಿಗೇ ಮುಗಿಯಬಹುದಾಗಿತ್ತು. ಆದರೆ ಅವರು ಕ್ವೇಕರ್ ಪಂಥದವರ ನೆರವಿನಿಂದ ಆ ಪ್ರದೇಶದ ಬಡ ಹೆಂಗಸರಿಗೆ ಸಣ್ಣ ಸಾಲ ನೀಡುವ ನಿಧಿಯನ್ನು ಏರ್ಪಡಿಸಿದರು. ಶಾಂತಿವನವನ್ನೂ ಶಾಲೆಗಳನ್ನೂ ಕಟ್ಟಿಸಲು ನೆರವಾದರು. ದಾನವಾಗಿ ಕೊಟ್ಟುಬಿಡದೆ ಸಾಲವಾಗಿ ಕೊಟ್ಟದ್ದು ಗಮನಾರ್ಹ. ದಾನ ಪಡೆದವರು ಋಣಿಗಳಾಗಿ ಉಳಿಯುತ್ತಾರೆ. ಸಾಲ ಪಡೆದ ಹೆಂಗಸು ಹಂದಿಯನ್ನೋ ಬಾತುಕೋಳಿಯನ್ನೋ ಸಾಕಿ ಸಾಲ ತೀರಿಸಿ ತಲೆಯೆತ್ತಿ ನಿಲ್ಲುತ್ತಾಳೆ. ಆ ಹಣ ಮತ್ತೊಬ್ಬಳ ಕೈಗೆ ಹೋಗುತ್ತದೆ. ಪಶುಪಾಲನೆಯ ಈ ಬಗೆಯ ಕುರಿತು ನಮ್ಮ ವಾಚಕರಿಗೆ ಭಿನ್ನಾಭಿಪ್ರಾಯವಿರಬಹುದಾದರೂ, ನೊಂದವರ ಗೌರವವನ್ನು ಕಾಯ್ದುಕೊಂಡ ವಿವೇಕವನ್ನು ವ್ಯಾಪಾರಸ್ಥರು ಮೆಚ್ಚದಿರಲಾರರು.

ಈ ಪ್ರವಾಸಗಳಿಗೆ ಇನ್ನೊಂದು ಮುಖವೂ ಇದೆ. ಹೋ ಚಿ ಮಿನ್ ನಗರದ ಸಮೀಪದ ಕು ಚಿ ಎಂಬಲ್ಲಿ, ಗೆರಿಲ್ಲಾಗಳು ಅಡಗಿ ಹೋರಾಡಿದ ಸುಮಾರು 250 ಕಿಲೋಮೀಟರ್ ಸುರಂಗಗಳ ಒಂದು ಭಾಗವನ್ನು ಪ್ರವಾಸಿಗಳಿಗೆ ತೋರಿಸಲಾಗುತ್ತದೆ. ಅಲ್ಲಿಯೇ ಹಣಕೊಟ್ಟು ಯುದ್ಧಕಾಲದ ಬಂದೂಕುಗಳಿಂದ ಗುರಿಯ ಹಲಗೆಗೆ ಗುಂಡು ಹಾರಿಸುವ ಏರ್ಪಾಡೂ ಉಂಟು. ಗುಂಡುಗಳನ್ನು ಎಣಿಸಿ ಮಾರುತ್ತಾರೆ. ಬೀದಿಗಳಲ್ಲಿ ಸತ್ತ ಸೈನಿಕರ ಲೈಟರುಗಳೆಂದು ಮಾರುವವುಗಳಲ್ಲಿ ಬಹುಪಾಲು ಈಚೆಗೆ ತಯಾರಾದ ನಕಲಿಗಳು. ಬಡವರು ಹೊಟ್ಟೆಪಾಡಿಗೆ ಮಾಡುವ ವ್ಯಾಪಾರವನ್ನು ದೂರದಿಂದ ಹಳಿಯುವುದು ಸಲ್ಲದು. ಆದರೆ ಕೊಳ್ಳುವವನಿಗೆ ಆಯ್ಕೆಯಿದೆ. ಈಚಿನ ವರ್ಷಗಳಲ್ಲಿ ನಮ್ಮ ಕಡೆಯ ಕುಟುಂಬಗಳೂ ವಿಯೆಟ್ನಾಮ್ ಪ್ರವಾಸಕ್ಕೆ ಹೋಗುತ್ತಿವೆ. ಸುರಂಗವನ್ನು ಮಕ್ಕಳಿಗೆ ತೋರಿಸಿ, ಅಲ್ಲಿ ಬದುಕಿದವರ ಕಷ್ಟವನ್ನು ತಿಳಿಸಿ, ಬಂದೂಕಿನ ಸಾಲಿನಲ್ಲಿ ನಿಲ್ಲದೆ ಬರುವುದು ಅಸಾಧ್ಯವೇನಲ್ಲ.

ಕೊನೆಯದಾಗಿ ಒಂದು ಕಹಿಸತ್ಯವನ್ನೂ ಹೇಳಬೇಕು. ಅಮೆರಿಕದ ಸೈನಿಕನಿಗೆ ದೊರೆತ ಸ್ವಾಗತ, ಅವನ ಪಕ್ಕದಲ್ಲಿ ಹೋರಾಡಿದ ದಕ್ಷಿಣ ವಿಯೆಟ್ನಾಮಿನ ಸೈನಿಕನಿಗೆ ದೊರೆಯಲಿಲ್ಲ. ಯುದ್ಧ ಮುಗಿದ ಮೇಲೆ ಅವರಲ್ಲಿ ಅನೇಕರು ವರ್ಷಗಟ್ಟಲೆ 'ಪುನಃಶಿಕ್ಷಣ' ಶಿಬಿರಗಳಲ್ಲಿ ಕಳೆದರು. ಅನೇಕರು ದೋಣಿಯೇರಿ ದೇಶಬಿಟ್ಟರು. ಬಿಯೆನ್ ಹೋವಾದಲ್ಲಿದ್ದ ಅವರ ರುದ್ರಭೂಮಿ ಬಹುಕಾಲ ಸೇನೆಯ ವಶದಲ್ಲಿದ್ದು, 2006ರಲ್ಲಿ ನಾಗರಿಕ ಆಡಳಿತಕ್ಕೆ ಸೇರಿತು. ಸಮುದ್ರದಾಚೆಯ ಶತ್ರುವನ್ನು ಕ್ಷಮಿಸಿದ ನಾಡಿಗೆ ತನ್ನದೇ ಮನೆಯ ಎದುರಾಳಿಯೊಡನೆ ರಾಜಿಯಾಗುವುದು ಹೆಚ್ಚು ಕಷ್ಟವಾಯಿತು. ಇದು ವಿಯೆಟ್ನಾಮಿಗೆ ಮಾತ್ರ ಅನ್ವಯಿಸುವ ಮಾತಲ್ಲ. ದಾಯಾದಿಗಳ ನಡುವೆ, ಒಂದೇ ಸಂಸ್ಥೆಯ ಎರಡು ಪಂಗಡಗಳ ನಡುವೆ ಹುಟ್ಟಿದ ವೈರ ತಲೆಮಾರು ಕಳೆದರೂ ಆರದಿರುವುದನ್ನು ಎಲ್ಲರೂ ಬಲ್ಲರು.

ಹಾಗಾದರೆ ಆರಂಭದ ಪ್ರಶ್ನೆಗೆ ಉತ್ತರವೇನು? ಹೋಗಿ ನೋಡಿ ಅತ್ತು ಬಂದವರಿಗೆ ಮನಃಶಾಂತಿ ದೊರೆತಿರಬಹುದು, ಅದನ್ನು ಅಲ್ಲಗಳೆಯಲಾಗದು. ಆದರೆ ಆ ನಾಡಿಗೆ ಏನಾದರೂ ಸಂದದ್ದು, ಒಂದು ಭಾವಚಿತ್ರವನ್ನೋ ನಕ್ಷೆಯನ್ನೋ ಹಿಂದಿರುಗಿಸಿದವರಿಂದ, ಬಾಂಬು ತೆಗೆದ ಗದ್ದೆಯನ್ನು ರೈತನಿಗೆ ಒಪ್ಪಿಸಿದವರಿಂದ. ಸತ್ತವರನ್ನು ಯಾರೂ ಹಿಂದಕ್ಕೆ ಕೊಡಲಾರರು. ಆ ಯೋಧರಲ್ಲಿ ಅನೇಕರು ಇಂದು ಇಲ್ಲ. ಥಾಂಪ್ಸನ್ 2006ರಲ್ಲಿ, ಕೋಲ್ಬರ್ನ್ 2016ರಲ್ಲಿ ತೀರಿಕೊಂಡರು. ಉಳಿದವರು ವಯೋವೃದ್ಧರು. ಅವರ ಮನೆಗಳ ಪೆಟ್ಟಿಗೆಗಳಲ್ಲಿ ಇನ್ನೂ ಕೆಲವು ದಿನಚರಿಗಳೂ ಚಿತ್ರಗಳೂ ಉಳಿದಿರಬಹುದು. ಅವು ಸಲ್ಲಬೇಕಾದ ಮನೆಗಳಲ್ಲಿ ಕಾಯುತ್ತಿರುವವರಿಗೂ ವಯಸ್ಸಾಗುತ್ತಿದೆ.