ವ್ಯಾಪಾರ, ಲೆಕ್ಕ ಮತ್ತು ಲೇಖನಿ

ಇಸ್ಲಾಂ ಮತ್ತು ಹಣಕಾಸಿನ ವಿಷಯ ಬಂದಾಗ ನಮ್ಮ ನಡುವೆ ಎರಡು ಮಾತುಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ಇಸ್ಲಾಂ ಬಂಡವಾಳಕ್ಕೆ ವಿರೋಧಿ ಎಂಬುದು ಒಂದು. ಮುಸ್ಲಿಮರು ಹೊಸ ಉಪಕರಣಗಳನ್ನು ಕಂಡರೆ ಹಿಂಜರಿಯುತ್ತಾರೆ, ಹಳೆಯದನ್ನೇ ಹಿಡಿದುಕೊಂಡು ಕೂರುತ್ತಾರೆ ಎಂಬುದು ಇನ್ನೊಂದು. ಈ ಮಾತುಗಳಲ್ಲಿ ಎಷ್ಟು ಸತ್ಯವಿದೆ ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಇದಕ್ಕೆ ಬೇಕಾದ ಸಾಕ್ಷ್ಯಗಳು ನಮ್ಮ ಮೈಸೂರು ಸೀಮೆಯಲ್ಲೇ ಇವೆ. ಆದರೆ ಮೂಲ ತತ್ವ ತಿಳಿಯಲು ಮೊದಲು ಅರಬ್ ನಾಡಿಗೆ ಹೋಗಬೇಕು.

ವ್ಯಾಪಾರಕ್ಕೆ ಅನುಮತಿ, ಬಡ್ಡಿಗೆ ತಡೆ

ಮಕ್ಕಾ ವರ್ತಕರ ಊರು. ಪ್ರವಾದಿ ಮುಹಮ್ಮದ್ (ಸ) ಅವರು ಹಜ್ರತ್ ಖದೀಜಾ (ರ.ಅ.) ಅವರ ಸರಕನ್ನು ಸಿರಿಯಾಕ್ಕೆ ಕೊಂಡೊಯ್ದು ವ್ಯಾಪಾರ ಮಾಡಿದವರು. ಜನ ಅವರನ್ನು 'ಅಲ್ ಅಮೀನ್', ಅಂದರೆ ನಂಬಿಕಸ್ಥ ಎಂದು ಕರೆಯುತ್ತಿದ್ದರು. ಪವಿತ್ರ ಕುರ್‌ಆನ್‌ನ ಎರಡನೇ ಅಧ್ಯಾಯದ 275ನೇ ವಚನ ವ್ಯಾಪಾರವನ್ನು ಅನುಮತಿಸಿ ಬಡ್ಡಿಯನ್ನು ನಿಷೇಧಿಸುತ್ತದೆ. ಪೇಟೆಯಲ್ಲಿ ಬೆಲೆ ಏರಿದಾಗ ದರ ನಿಗದಿ ಮಾಡಿರೆಂದು ಜನ ಕೇಳಿದರೂ ಪ್ರವಾದಿಯವರು ಒಪ್ಪಲಿಲ್ಲವೆಂದು ಹದೀಸ್ ಗ್ರಂಥಗಳು ದಾಖಲಿಸಿವೆ. ಅದೇ ವೇಳೆ ಬೆಲೆ ಏರಲೆಂದು ಧಾನ್ಯ ಕೂಡಿಡುವುದನ್ನೂ, ಅಳತೆ ತೂಕದಲ್ಲಿ ಮೋಸ ಮಾಡುವುದನ್ನೂ ಕಠಿಣವಾಗಿ ಖಂಡಿಸಲಾಗಿದೆ.

ಬಂಡವಾಳವನ್ನು ಇಸ್ಲಾಂ ದ್ವೇಷಿಸುವುದಿಲ್ಲ. ಅದು ಸುಮ್ಮನೆ ಕೂರಬಾರದು ಎನ್ನುತ್ತದೆ. ಕೂಡಿಟ್ಟ ಹಣದ ಮೇಲೆ ವರ್ಷಕ್ಕೆ ಶೇ. 2.5ರಷ್ಟು ಜಕಾತ್ ಇರುವುದರಿಂದ, ಇಟ್ಟಲ್ಲೇ ಇಟ್ಟ ಹಣ ಕರಗುತ್ತಾ ಹೋಗುತ್ತದೆ. ಅನಾಥರ ಆಸ್ತಿಯನ್ನು ಜಕಾತ್ ತಿಂದುಹಾಕದಂತೆ ವ್ಯಾಪಾರದಲ್ಲಿ ತೊಡಗಿಸಬೇಕೆಂದು ಖಲೀಫಾ ಉಮರ್ (ರ.ಅ.) ಸಲಹೆ ನೀಡಿದ್ದರು. 'ಮುದಾರಬಾ' ಪದ್ಧತಿಯಲ್ಲಿ ಒಬ್ಬನದು ಹಣ, ಇನ್ನೊಬ್ಬನದು ದುಡಿಮೆ. ಲಾಭವನ್ನು ಮೊದಲೇ ಒಪ್ಪಿದ ಪ್ರಮಾಣದಲ್ಲಿ ಹಂಚಿಕೊಳ್ಳುತ್ತಾರೆ. ದುಡಿದವನ ತಪ್ಪಿಲ್ಲದೆ ನಷ್ಟವಾದರೆ ಹಣ ಹಾಕಿದವನೇ ಅದನ್ನು ಹೊರಬೇಕು. ಲಾಭ ಬೇಕೆನ್ನುವವನು ನಷ್ಟಕ್ಕೂ ಸಿದ್ಧನಿರಬೇಕು ಎಂಬುದೇ ಇದರ ತಿರುಳು.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಕುರ್‌ಆನ್‌ನ ಅತಿ ದೀರ್ಘವಾದ ವಚನ (2:282) ಯಾವುದರ ಬಗ್ಗೆ? ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆ. ಮೊತ್ತ ಚಿಕ್ಕದಿರಲಿ, ದೊಡ್ಡದಿರಲಿ, ಅವಧಿ ಸಹಿತ ಬರೆಯಬೇಕು, ಸಾಕ್ಷಿಗಳಿರಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು ಎಂದು ಅದು ವಿವರಿಸುತ್ತದೆ. ಯಾವ ಲೇಖನಿಯಿಂದ, ಯಾವ ಹಾಳೆಯ ಮೇಲೆ ಎಂದು ಹೇಳುವುದಿಲ್ಲ. ಬರೆಯುವುದು ಆದೇಶ, ಉಪಕರಣ ಕಾಲಕ್ಕೆ ಬಿಟ್ಟದ್ದು.

ಬಾಗ್ದಾದಿನ ಲೆಕ್ಕಿಗ

9ನೇ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್ ಖ್ವಾರಿಜ್ಮಿ ಬೀಜಗಣಿತದ ಮೇಲೆ ಪ್ರಸಿದ್ಧ ಗ್ರಂಥ ಬರೆದರು. ವಾರಸು ಹಂಚಿಕೆ, ವ್ಯಾಪಾರ, ಭೂಮಿಯ ಅಳತೆ ಮುಂತಾದ ನಿತ್ಯದ ವ್ಯವಹಾರಗಳಿಗೆ ನೆರವಾಗುವುದು ಅದರ ಉದ್ದೇಶವಾಗಿತ್ತು. ಭಾರತದ ಅಂಕಿಗಳನ್ನು ಬಳಸಿ ಲೆಕ್ಕ ಮಾಡುವ ಕ್ರಮವನ್ನೂ ಅವರು ವಿವರಿಸಿದರು. ಅವರ ಹೆಸರು ಲ್ಯಾಟಿನ್ ಭಾಷೆಯಲ್ಲಿ ರೂಪ ಬದಲಿಸಿ ಇಂದು ಕಂಪ್ಯೂಟರ್ ವಿದ್ಯಾರ್ಥಿಗಳ ಬಾಯಲ್ಲಿರುವ 'ಅಲ್ಗಾರಿದಮ್' ಆಗಿದೆ. ಈ ಹೊಸ ಅಂಕಿಗಳು ಯೂರೋಪಿಗೆ ಹೋದಾಗ 1299ರಲ್ಲಿ ಫ್ಲಾರೆನ್ಸ್ ನಗರದ ಹಣ ವಿನಿಮಯಗಾರರ ಸಂಘವು ಲೆಕ್ಕದ ಪುಸ್ತಕದಲ್ಲಿ ಅವನ್ನು ಬಳಸಬಾರದೆಂದು ನಿಯಮ ಮಾಡಿತು. ಹಳೆಯದಕ್ಕೆ ಅಂಟಿಕೊಳ್ಳುವುದು ಒಂದೇ ಸಮುದಾಯದ ಗುಣವಲ್ಲ ಎಂಬುದಕ್ಕೆ ಇದು ನಿದರ್ಶನ.

ಶ್ರೀರಂಗಪಟ್ಟಣದ ವ್ಯಾಪಾರ ನೀತಿ

ಈಗ ನಮ್ಮ ನಾಡಿಗೆ ಬರೋಣ. ಟಿಪ್ಪು ಸುಲ್ತಾನರು ಯುದ್ಧಗಳಿಗಾಗಿ ಹೆಸರಾದವರು. ಅವರ ವ್ಯಾಪಾರ ನೀತಿಯ ಕಡೆಗೆ ನಮ್ಮ ಗಮನ ಹೋಗುವುದು ಕಡಿಮೆ. ಮಸ್ಕತ್‌ನಲ್ಲಿ ಮೈಸೂರಿನ ವ್ಯಾಪಾರ ಕೋಠಿ ಇತ್ತು. ಶ್ರೀಗಂಧ, ಕಾಳುಮೆಣಸು, ಏಲಕ್ಕಿ, ಅಕ್ಕಿ ಹಡಗಿನಲ್ಲಿ ಹೋಗುತ್ತಿದ್ದವು. ರೇಷ್ಮೆ ಹುಳುಗಳನ್ನು ಬಂಗಾಳದಿಂದ ತರಿಸಲಾಯಿತು; ಇಂದಿಗೂ ನಮ್ಮ ಸೀಮೆಯ ಸಾವಿರಾರು ಮನೆಗಳಿಗೆ ರೇಷ್ಮೆಯೇ ಅನ್ನ.

1793 ಮತ್ತು 1794ರಲ್ಲಿ ಹೊರಡಿಸಿದ ವ್ಯಾಪಾರ ನಿಯಮಗಳಲ್ಲಿ ಒಂದು ವಿಶೇಷವಿದೆ. ಪ್ರಜೆಗಳು ಸರ್ಕಾರದ ವ್ಯಾಪಾರದಲ್ಲಿ ಹಣ ತೊಡಗಿಸಬಹುದಿತ್ತು. 500 ರೂಪಾಯಿವರೆಗೆ ಹಾಕಿದವರಿಗೆ ಶೇ. 50, ಅಲ್ಲಿಂದ 5,000ದವರೆಗೆ ಶೇ. 25, ಅದಕ್ಕೂ ಮೇಲೆ ಶೇ. 12 ಲಾಭ ಎಂದು ಗೊತ್ತುಪಡಿಸಲಾಗಿತ್ತು. ಸಣ್ಣ ಹೂಡಿಕೆದಾರನಿಗೆ ಹೆಚ್ಚು, ಸಿರಿವಂತನಿಗೆ ಕಡಿಮೆ! ಇಂದಿನ ಬಂಡವಾಳಶಾಹಿಯ ದಾರಿ ಇದಕ್ಕೆ ತದ್ವಿರುದ್ಧ.

ಆದರೆ ಇತಿಹಾಸವನ್ನು ಓದುವವರು ಹೊಗಳಿಕೆಯಲ್ಲೇ ನಿಲ್ಲಬಾರದು. ಮೊದಲೇ ಗೊತ್ತುಪಡಿಸಿದ ಲಾಭವು ಮುದಾರಬಾದ ತತ್ವಕ್ಕೆ ಹೊಂದುತ್ತದೆಯೇ ಎಂಬುದು ಕೇಳಲೇಬೇಕಾದ ಪ್ರಶ್ನೆ. ಶ್ರೀಗಂಧ, ಮೆಣಸಿನಂತಹ ಮುಖ್ಯ ಸರಕುಗಳ ಮೇಲೆ ಸರ್ಕಾರದ ಏಕಸ್ವಾಮ್ಯವಿದ್ದುದರಿಂದ ಖಾಸಗಿ ವರ್ತಕರಿಗೆ ಉಳಿದ ಅವಕಾಶ ಕಡಿಮೆಯಾಯಿತು ಎಂಬ ಟೀಕೆಯೂ ಇದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಈ ಪ್ರಯೋಗವೂ ಕೊನೆಗೊಂಡಿತು.

ಕುದುರೆಯಿಂದ ಕಾರ್ಖಾನೆಗೆ

1824ರಲ್ಲಿ ಇರಾನಿನ ಶಿರಾಜ್‌ನಿಂದ ಆಗಾ ಅಲಿ ಅಸ್ಕರ್ ಎಂಬ ವರ್ತಕರು ಕುದುರೆಗಳೊಂದಿಗೆ ಬೆಂಗಳೂರಿಗೆ ಬಂದರು. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರೂ ಅವರಿಂದ ಕುದುರೆ ಕೊಂಡರು. ಅವರ ಮೊಮ್ಮಗನೇ 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್. ತಾತನ ಕಾಲ ಕುದುರೆಯದಾಗಿತ್ತು, ಮೊಮ್ಮಗನ ಕಾಲ ಕಾರ್ಖಾನೆಯದು. ಅವರು ದಿವಾನರಾಗಿದ್ದಾಗಲೇ, 1937ರಲ್ಲಿ, ಮೈಸೂರು ನಗರದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಆರಂಭವಾಯಿತು. 1962ರಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸದ ಶಾಯಿ ತಯಾರಾಗುವುದು ಅಲ್ಲಿಯೇ.

ನಮ್ಮ ಕಾಲದ ಇನ್ನೊಂದು ಉದಾಹರಣೆ ಅಜೀಂ ಪ್ರೇಮ್‌ಜಿ. 1966ರಲ್ಲಿ, 21ನೇ ವಯಸ್ಸಿನಲ್ಲಿ, ತಂದೆ ಬಿಟ್ಟುಹೋದ ವನಸ್ಪತಿ ಎಣ್ಣೆಯ ಕಂಪನಿ ಅವರ ಕೈಗೆ ಬಂತು. ಅವರು ಎಣ್ಣೆಯಲ್ಲೇ ನಿಲ್ಲದೆ ಕಂಪ್ಯೂಟರಿಗೆ ಕಾಲಿಟ್ಟರು. ಮುಂದೆ ಸಂಪತ್ತಿನ ಬಹುಪಾಲನ್ನು ಶಿಕ್ಷಣಕ್ಕಾಗಿ ದುಡಿಯುವ ಪ್ರತಿಷ್ಠಾನಕ್ಕೆ ಮುಡಿಪಿಟ್ಟರು.

ಹಳೆಯ ಉಪಕರಣದ ಮೋಹ

ಹಾಗಾದರೆ ಎರಡನೇ ಆಪಾದನೆ ಪೂರ್ತಿ ಸುಳ್ಳೇ? ಹಾಗೆ ಹೇಳಲಾಗದು. ಇಸ್ತಾಂಬುಲ್‌ನಲ್ಲಿ ಯಹೂದಿಗಳು 1493ರಲ್ಲೇ ಪುಸ್ತಕ ಅಚ್ಚು ಹಾಕಿದ್ದರು. ಇಬ್ರಾಹಿಂ ಮುತಫರ್ರಿಕಾರಿಗೆ ಮುದ್ರಣಾಲಯ ತೆರೆಯಲು ಸುಲ್ತಾನರ ಅನುಮತಿ ಸಿಕ್ಕಿದ್ದು 1727ರಲ್ಲಿ. ಅದೂ ಧಾರ್ಮಿಕ ಗ್ರಂಥಗಳನ್ನು ಬಿಟ್ಟು. ಎರಡು ಶತಮಾನಗಳಿಗೂ ಹೆಚ್ಚಿನ ಅಂತರ! ಉರ್ದುವಿನ ಕಥೆ ಬೇರೆ. ನಸ್ತಾಲೀಖ್ ಬರಹ ಅಚ್ಚಿನ ಮೊಳೆಗೆ ಸುಲಭವಾಗಿ ಒಗ್ಗದ ಕಾರಣ ಕಾತಿಬರು ಕೈಯಲ್ಲಿ ಬರೆದು ಕಲ್ಲಚ್ಚಿನಲ್ಲಿ ಮುದ್ರಿಸುತ್ತಿದ್ದರು. 1981ರಲ್ಲಿ ನೂರಿ ನಸ್ತಾಲೀಖ್, 1994ರಲ್ಲಿ ಇನ್‌ಪೇಜ್ ತಂತ್ರಾಂಶ ಬಂದು ಈ ಕಷ್ಟ ತಪ್ಪಿತು.

ಉರ್ದು, ಕನ್ನಡ ಎರಡನ್ನೂ ಬೋಧಿಸುವ ನನಗೆ ಒಂದು ವಿಚಿತ್ರ ಸಾಮ್ಯ ಕಾಣುತ್ತದೆ. ಒಂದು ಕಾಲಕ್ಕೆ ವರವಾಗಿ ಬಂದ ಹಳೆಯ ಇನ್‌ಪೇಜ್ ಮತ್ತು ಹಳೆಯ ನುಡಿ ಫಾಂಟುಗಳೇ ಇಂದು ತೊಡಕಾಗಿವೆ. ಅವುಗಳಲ್ಲಿ ಟೈಪ್ ಮಾಡಿದ ಕಡತವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ. ಯೂನಿಕೋಡ್‌ನಲ್ಲಿ ಈ ತೊಂದರೆ ಇಲ್ಲ. ಆದರೂ ಅನೇಕ ಕಛೇರಿಗಳಲ್ಲಿ ವಿಂಡೋಸ್ ಎಕ್ಸ್‌ಪಿ ಯಂತ್ರವೇ ಆಧಾರ. ಆ ತಂತ್ರಾಂಶಕ್ಕೆ ರಕ್ಷಣೆಯ ನೆರವು 2014ರ ಏಪ್ರಿಲ್‌ನಲ್ಲೇ ನಿಂತಿತು. ವಿಂಡೋಸ್ 10ಕ್ಕೂ ಸಾಮಾನ್ಯ ನೆರವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು.

ಹಳೆಯ ಯಂತ್ರವನ್ನು ಎಸೆಯಿರಿ ಎಂದು ನಾನು ಹೇಳುತ್ತಿಲ್ಲ. ದುಂದುವೆಚ್ಚವೂ ತಪ್ಪೇ. ಉಚಿತವಾಗಿ ಸಿಗುವ ಲಿನಕ್ಸ್ ಹಾಕಿದರೆ ಎಷ್ಟೋ ಹಳೆಯ ಯಂತ್ರಗಳು ಇನ್ನೂ ದುಡಿಯುತ್ತವೆ. ಆದರೆ ಯಂತ್ರ ಕೆಟ್ಟ ದಿನವೇ ಸಮುದಾಯದ ಲೆಕ್ಕವೂ ಮಾಯವಾಗುವಂತಿದ್ದರೆ ಅದನ್ನು ಮಿತವ್ಯಯ ಎನ್ನಲಾಗದು.

ಕಾಣದ ಲೆಕ್ಕದ ಬೆಲೆ

ಲೆಕ್ಕ ಕೇಳದಿದ್ದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕದ ಮುಸ್ಲಿಮರು 2019ರಲ್ಲಿ ಕಂಡರು. ಹಲಾಲ್ ಹೂಡಿಕೆಯ ಹೆಸರಿನಲ್ಲಿ ಹಣ ಸಂಗ್ರಹಿಸಿದ್ದ ಬೆಂಗಳೂರಿನ ಐಎಂಎ ಸಂಸ್ಥೆ ಜೂನ್‌ನಲ್ಲಿ ಬಾಗಿಲು ಮುಚ್ಚಿತು. ಹತ್ತಾರು ಸಾವಿರ ಜನ ದೂರು ಕೊಟ್ಟರು. ಮಗಳ ಮದುವೆಗೆ, ಹಜ್ ಯಾತ್ರೆಗೆ, ಮುಪ್ಪಿಗೆಂದು ಇಟ್ಟ ಹಣ ಸಿಕ್ಕಿಬಿತ್ತು. ಹಲಾಲ್ ಎಂಬ ಪದ ಕೇಳಿದ ನಾವು ಖಾತೆ ಪುಸ್ತಕ ಕೇಳಲಿಲ್ಲ. 2:282ನೇ ವಚನವನ್ನು ಓದುತ್ತೇವೆ, ವ್ಯವಹಾರದಲ್ಲಿ ಮರೆಯುತ್ತೇವೆ.

2025ರ ಜೂನ್ 6ರಂದು ಕೇಂದ್ರ ಸರ್ಕಾರ 'ಉಮೀದ್' ಪೋರ್ಟಲ್ ತೆರೆದು, ವಕ್ಫ್ ಆಸ್ತಿಗಳ ವಿವರ ಸೇರಿಸಲು ಆರು ತಿಂಗಳ ಗಡುವು ನೀಡಿತು. ಆ ಕಾನೂನಿನ ಬಗ್ಗೆ ನಮಗಿರುವ ಆಕ್ಷೇಪಗಳು ಬೇರೆ ವಿಷಯ. ದಾಖಲೆ ಮೊದಲೇ ಒಪ್ಪವಾಗಿದ್ದ ಮುತವಲ್ಲಿಗೆ ಇಂತಹ ಗಡುವು ಕೇವಲ ಕೆಲಸ. ಬೀರುವಿನಲ್ಲಿ ಗೆದ್ದಲು ತಿಂದ ಕಾಗದವಷ್ಟೇ ಇದ್ದವನಿಗೆ ಆಸ್ತಿಯ ಅಳಿವು ಉಳಿವಿನ ಪ್ರಶ್ನೆ.

ವಿದ್ಯಾರ್ಥಿ ಮಿತ್ರರೇ, ಕಾಮರ್ಸ್ ಅಥವಾ ಕಂಪ್ಯೂಟರ್ ಓದುವುದು ದೀನ್‌ನಿಂದ ದೂರ ಹೋಗುವುದೆಂದು ಯಾರಾದರೂ ಹೇಳಿದರೆ ಮೇಲಿನ ಇತಿಹಾಸವನ್ನು ಅವರ ಮುಂದಿಡಿ. ನಿಮ್ಮ ಮೊಹಲ್ಲಾದ ಮಸೀದಿ, ಮದ್ರಸಾ, ಶಾಲಾ ಸಮಿತಿಗಳ ಹಿರಿಯರ ಬಳಿ ಅದಬ್‌ನಿಂದ ಹೋಗಿ. ಜಕಾತ್ ಪಟ್ಟಿ, ವಿದ್ಯಾರ್ಥಿವೇತನದ ಪಟ್ಟಿ, ವಕ್ಫ್ ಕಾಗದಗಳನ್ನು ಯೂನಿಕೋಡ್‌ಗೆ ವರ್ಗಾಯಿಸಿ ಕೊಡಿ. ಒಂದು ಪ್ರತಿ ಕಛೇರಿಯಲ್ಲಿ, ಇನ್ನೊಂದು ಹೊರಗೆ, ಮತ್ತೊಂದು ಕಾಗದದಲ್ಲಿ ಇರಲಿ. ವರ್ಷಕ್ಕೊಮ್ಮೆ ಜಮಾ ಖರ್ಚು ನೋಟಿಸ್ ಬೋರ್ಡಿಗೆ ಬರಲಿ. ಹಿರಿಯರಿಗೆ ಆ ಆಸ್ತಿಗಳ ಚರಿತ್ರೆ ಗೊತ್ತು, ನಿಮಗೆ ಯಂತ್ರ ಗೊತ್ತು. ಇಬ್ಬರೂ ಒಂದೇ ಮೇಜಿನ ಮುಂದೆ ಕುಳಿತರೆ ಒಂದು ಬೇಸಿಗೆ ರಜೆಯಲ್ಲಿ ಈ ಕೆಲಸ ಮುಗಿಯುತ್ತದೆ.