ಕೇಕಿನ ಮೇಲೆ ಯಾರ ಕೈಬರಹ?

1940ರ ಆಗಸ್ಟ್ ತಿಂಗಳಲ್ಲಿ, ಲಂಡನ್ನಿನ ಮೇಲೆ ಬಾಂಬುಗಳ ಮಳೆ ಇನ್ನೇನು ಶುರುವಾಗಲಿದ್ದಾಗ, ಬ್ರಿಟಿಷ್ ಸರ್ಕಾರ ಕೇಕಿನ ಬಗ್ಗೆ ಒಂದು ಆದೇಶ ಹೊರಡಿಸಿತು. ಬೆಂದ ಕೇಕಿನ ಹೊರಮೈಗೆ ಯಾರೂ ಸಕ್ಕರೆ ಹಚ್ಚಿ ಮಾರುವಂತಿಲ್ಲ. ಸಕ್ಕರೆ ಬರಬೇಕಾದದ್ದು ಹಡಗಿನಲ್ಲಿ, ಹಡಗುಗಳು ಮುಳುಗುತ್ತಿದ್ದವು. ಸಕ್ಕರೆಗೆ ಆ ವರ್ಷದ ಜನವರಿಯಿಂದಲೇ ರೇಷನ್ ಬಂದಿತ್ತು. ಆದರೆ ಮದುವೆಗಳು ನಿಲ್ಲಲಿಲ್ಲ. ಅಂಗಡಿಯವರು ಉಪಾಯ ಕಂಡುಕೊಂಡರು. ರಟ್ಟು, ಪ್ಲಾಸ್ಟರುಗಳಿಂದ ಅಂತಸ್ತು ಅಂತಸ್ತಾದ ಬಿಳಿ ಕೇಕಿನ ಚಿಪ್ಪು ಮಾಡಿ ಬಾಡಿಗೆಗೆ ಕೊಡತೊಡಗಿದರು. ಫೋಟೋ ಆದ ಮೇಲೆ ಚಿಪ್ಪನ್ನು ಎತ್ತಿದರೆ ಒಳಗೆ ಸಣ್ಣದೊಂದು ಬೋಳು ಕೇಕು.

ತಿನ್ನುವುದಕ್ಕೆ ಒಳಗಿನದು ಸಾಕಿತ್ತು. ಆದರೂ ಜನ ದುಡ್ಡು ಕೊಟ್ಟು ಹೊರಗಿನದನ್ನು ತಂದರು. ಕೇಕಿನ ಚರಿತ್ರೆ ಹೇಳುವವರು ಹಿಟ್ಟು, ಮೊಟ್ಟೆ, ಒಲೆಗಳ ಕಥೆ ಹೇಳುತ್ತಾರೆ. ಮೇಲಿನ ಅರ್ಧ ಅಂಗುಲದ ಕಥೆ ಬೇರೆಯೇ ಇದೆ. ಬಹುಕಾಲ ಅಂಗಡಿಯವನ ಸ್ವತ್ತಾಗಿದ್ದ ಆ ಅರ್ಧ ಅಂಗುಲ ಮನೆಯ ಅಡುಗೆಮನೆಗೆ ಹೇಗೆ ಬಂತು, ಬಂದ ಮೇಲೆ ಅಲ್ಲಿನ ಹೆಂಗಸರಿಗೆ ಏನು ಕೊಟ್ಟಿತು, ಅವರಿಂದ ಏನು ಕೇಳಿತು ಎನ್ನುವುದು ಈ ಬರಹದ ವಿಷಯ.

ಮ್ಯಾಂಚೆಸ್ಟರಿನಲ್ಲಿ ಮಿಠಾಯಿ ಅಂಗಡಿ ಇಟ್ಟಿದ್ದ ಎಲಿಜಬೆತ್ ರಾಫಲ್ಡ್ ಎಂಬಾಕೆ 1769ರಲ್ಲಿ ಒಂದು ಅಡುಗೆ ಪುಸ್ತಕ ಪ್ರಕಟಿಸಿದಳು. ಅದಕ್ಕೂ ಮುಂಚೆ ಆಕೆ ಸಿರಿವಂತರ ಮನೆಯೊಂದರಲ್ಲಿ ಮೇಲ್ವಿಚಾರಕಿಯಾಗಿದ್ದವಳು. ಆ ಪುಸ್ತಕದಲ್ಲಿ ಮದುವೆ ಕೇಕಿನ ವಿಧಾನವಿದೆ: ನಾಲ್ಕು ಪೌಂಡು ಹಿಟ್ಟು, ನಾಲ್ಕು ಪೌಂಡು ಬೆಣ್ಣೆ, ಪ್ರತಿ ಪೌಂಡು ಹಿಟ್ಟಿಗೆ ಎಂಟು ಮೊಟ್ಟೆ. ಅದರ ಮೇಲೆ ಮೊದಲು ಬಾದಾಮಿಯ ಲೇಪ, ಆಮೇಲೆ ಸಕ್ಕರೆಯ ಲೇಪ. ಈ ಎರಡು ಪದರಗಳ ಕ್ರಮ ಇಂಗ್ಲಿಷ್ ಮದುವೆ ಕೇಕಿನಲ್ಲಿ ಇಂದಿಗೂ ಉಳಿದಿದೆ. ಆಗ ಸಕ್ಕರೆ ಸಿಗುತ್ತಿದ್ದದ್ದು ಶಂಕುವಿನಾಕಾರದ ಗಟ್ಟಿ ಅಚ್ಚುಗಳಲ್ಲಿ. ಇಕ್ಕುಳದಿಂದ ತುಂಡು ಮಾಡಿ, ಕುಟ್ಟಿ, ಜರಡಿ ಹಿಡಿದು, ಮೊಟ್ಟೆಯ ಬಿಳಿಯ ಜೊತೆ ತೋಳು ಸೋಲುವವರೆಗೆ ಕಡೆಯಬೇಕು. ಆಳುಗಳಿಲ್ಲದ ಮನೆಯಲ್ಲಿ ಇದು ಆಗುವ ಮಾತಲ್ಲ.

ಬಿಳುಪಿಗೂ ಬೆಲೆಯಿತ್ತು. ಸಕ್ಕರೆ ಎಷ್ಟು ಶುದ್ಧವೋ ಅಷ್ಟು ಬಿಳಿ, ಎಷ್ಟು ಬಿಳಿಯೋ ಅಷ್ಟು ದುಬಾರಿ. ಆ ಸಕ್ಕರೆ ಬರುತ್ತಿದ್ದದ್ದು ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರು ದುಡಿಯುತ್ತಿದ್ದ ತೋಟಗಳಿಂದ. 1791ರ ಹೊತ್ತಿಗೆ ಇಂಗ್ಲೆಂಡಿನ ಹಲವು ಮನೆಗಳು ಆ ಸಕ್ಕರೆಯನ್ನು ಬಹಿಷ್ಕರಿಸಿದವು. ಅದನ್ನು ಮುಂದೆ ನಿಂತು ನಡೆಸಿದವರಲ್ಲಿ ಮನೆಯ ಖರೀದಿ ನೋಡಿಕೊಳ್ಳುತ್ತಿದ್ದ ಹೆಂಗಸರು ಬಹಳ ಮಂದಿ. ಮುಂದೆ, ಇದು ಗುಲಾಮರು ಮಾಡಿದ್ದಲ್ಲ, ಈಸ್ಟ್ ಇಂಡಿಯಾದ್ದು ಎಂದು ಬರೆದ ಸಕ್ಕರೆ ಬಟ್ಟಲುಗಳೂ ಬಂದವು. ಭಾರತದಲ್ಲಿ ಕಂಪನಿ ರಾಜ್ಯದ ಕೂಲಿಗಳ ಪಾಡು ಹೇಗಿತ್ತು ಎಂದು ಆ ಬಟ್ಟಲು ಹೇಳುತ್ತಿರಲಿಲ್ಲ, ಬಿಡಿ.

ಆ ಕಾಲದ ಅಲಂಕಾರದ ಕೇಕು ಹುಟ್ಟುಹಬ್ಬದ್ದಲ್ಲ. ಕ್ರಿಸ್ಮಸ್ಸಿನ ಹನ್ನೆರಡು ದಿನಗಳು ಮುಗಿಯುವ ಜನವರಿ 6ಕ್ಕೆ ಮಾಡುತ್ತಿದ್ದ 'ಟ್ವೆಲ್ಫ್ತ್ ಕೇಕ್' ಅದು. ಲಂಡನ್ನಿನ ಮಿಠಾಯಿ ಅಂಗಡಿಗಳ ಕಿಟಕಿಗಳಲ್ಲಿ ಸಕ್ಕರೆಯ ಕೋಟೆ, ಸಿಂಹ, ರಾಜರಾಣಿಯರನ್ನು ಹೊತ್ತ ಕೇಕುಗಳನ್ನು ನೋಡಲು ಜನ ಮುಗಿಬೀಳುತ್ತಿದ್ದರು. (ಅದಾಗಿ ಎಂಟು ದಿನಕ್ಕೆ ನಮ್ಮಲ್ಲಿ ಸಂಕ್ರಾಂತಿ. ಮರದ ಅಚ್ಚಿನಲ್ಲಿ ಸಕ್ಕರೆ ಪಾಕ ಹೊಯ್ದು ಆನೆ, ಗೋಪುರ, ತುಳಸಿಕಟ್ಟೆ ತೆಗೆಯುವ ಮನೆಗಳು ಈಗಲೂ ಇವೆ. ನಮ್ಮದು ಮನೆಯೊಳಗಿನ ಕೆಲಸ, ಅವರದು ಅಂಗಡಿಯ ಪ್ರದರ್ಶನ.) 1840ರಲ್ಲಿ ವಿಕ್ಟೋರಿಯಾ ರಾಣಿಯ ಮದುವೆಗೆ ಮಾಡಿದ ಕೇಕು ಸುಮಾರು 300 ಪೌಂಡು ತೂಗುತ್ತಿತ್ತು, ಸುತ್ತಳತೆ 9 ಅಡಿ. ಅದರ ತುಣುಕುಗಳು ಇಂದಿಗೂ ಸಂಗ್ರಹಗಳಲ್ಲಿ ಉಳಿದಿವೆ. ಪತ್ರಿಕೆಗಳು ಅದನ್ನು ಮನೆಮನೆಗೆ ಮುಟ್ಟಿಸಿದವು. ನೋಡಿ ಆಸೆಪಡುವುದು ಎಲ್ಲರದೂ ಆಯಿತು. ಮಾಡುವುದು ಮಾತ್ರ ಇನ್ನೂ ಕಸುಬುದಾರರ ಕೈಯಲ್ಲೇ ಇತ್ತು.

ಮನೆಯ ಕೇಕನ್ನು ಹಗುರ ಮಾಡಿದ್ದು ರಸಾಯನಶಾಸ್ತ್ರ. 1843ರಲ್ಲಿ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಒಂದು ಬೇಕಿಂಗ್ ಪೌಡರ್ ತಯಾರಿಸಿದ. ಅಮೆರಿಕದಲ್ಲಿ ಎಬೆನ್ ಹಾರ್ಸ್‌ಫರ್ಡ್ ಇನ್ನೊಂದು ಬಗೆಯದನ್ನು ತಂದ. ಮೊಟ್ಟೆಯನ್ನು ಗಂಟೆಗಟ್ಟಲೆ ಕಡೆಯುವುದು ತಪ್ಪಿತು. ಆಮೇಲೆ ಕಬ್ಬಿಣದ ಒಲೆ, ಅಗ್ಗದ ಸಕ್ಕರೆ, ನುಣ್ಣಗೆ ಪುಡಿಯಾಗಿಯೇ ಬರುವ ಐಸಿಂಗ್ ಸಕ್ಕರೆ ಎಲ್ಲ ಒಂದೊಂದಾಗಿ ಸೇರಿಕೊಂಡವು.

ನಿಜವಾದ ತಿರುವು ಬಂದದ್ದು ಅಮೆರಿಕದಲ್ಲಿ, ಅದೂ ಕಾಕಂಬಿಯ ದೆಸೆಯಿಂದ. ಪಿಟ್ಸ್‌ಬರ್ಗಿನ ಡಫ್ ಕಂಪನಿಯ ಬಳಿ ಕಾಕಂಬಿ ವಿಪರೀತ ಉಳಿದುಹೋಗಿತ್ತು. ಅದನ್ನು ಹಿಟ್ಟಿನೊಂದಿಗೆ ಒಣಗಿಸಿ, ನೀರು ಬೆರೆಸಿದರೆ ಸಾಕು ಎನ್ನುವಂಥ ಕೇಕಿನ ಪುಡಿ ಮಾಡಿ 1933ರಲ್ಲಿ ಪೇಟೆಂಟ್ ಪಡೆದರು. ಯುದ್ಧ ಮುಗಿದ ಮೇಲೆ ಜನರಲ್ ಮಿಲ್ಸ್, ಪಿಲ್ಸ್‌ಬರಿಗಳಂಥ ದೊಡ್ಡ ಕಂಪನಿಗಳು ಇಳಿದವು. ಜನರಲ್ ಮಿಲ್ಸಿನ ಮುಖವಾಗಿದ್ದ ಬೆಟ್ಟಿ ಕ್ರಾಕರ್ ಎಂಬ ಗೃಹಿಣಿ 1921ರಲ್ಲಿ ಕಂಪನಿಯೇ ಹುಟ್ಟಿಸಿದ ಹೆಸರು. ಅಂಥ ಹೆಂಗಸು ಯಾವತ್ತೂ ಇರಲಿಲ್ಲ. ಆದರೂ 1945ರಲ್ಲಿ ಫಾರ್ಚೂನ್ ಪತ್ರಿಕೆ ಆಕೆಯನ್ನು, ಎಲೀನರ್ ರೂಸ್‌ವೆಲ್ಟ್ ಬಿಟ್ಟರೆ, ಅಮೆರಿಕದ ಅತ್ಯಂತ ಪ್ರಸಿದ್ಧ ಮಹಿಳೆ ಎಂದು ಕರೆಯಿತು.

ಐವತ್ತರ ದಶಕದ ಕೊನೆಗೆ ಪೊಟ್ಟಣಗಳ ಮಾರಾಟ ಮಂದವಾಯಿತು. ಇಲ್ಲಿ ಒಂದು ಪ್ರಸಿದ್ಧ ಕಥೆ ಬರುತ್ತದೆ. ವಿಯೆನ್ನಾದಿಂದ ಬಂದಿದ್ದ ಮನಶ್ಶಾಸ್ತ್ರಜ್ಞ ಅರ್ನೆಸ್ಟ್ ಡಿಕ್ಟರ್ ಗೃಹಿಣಿಯರನ್ನು ಮಾತನಾಡಿಸಿ, ಬರೀ ನೀರು ಬೆರೆಸಿ ಕೇಕು ಮಾಡಲು ಅವರಿಗೆ ಒಳಗೊಳಗೇ ಅಳುಕು, ಮೊಟ್ಟೆ ಒಡೆದು ಹಾಕುವ ಕೆಲಸವನ್ನಾದರೂ ಅವರಿಗೆ ಬಿಡಿ ಎಂದನಂತೆ. ಹಾಗೆ ಮಾಡಿದೊಡನೆ ಮಾರಾಟ ಜಿಗಿಯಿತಂತೆ. ಜಾಹೀರಾತು ಕಲಿಸುವ ತರಗತಿಗಳಲ್ಲಿ ಇದನ್ನು ಇಂದಿಗೂ ಹೇಳುತ್ತಾರೆ. ನನಗೆ ಈ ಕಥೆ ಅಗತ್ಯಕ್ಕಿಂತ ಹೆಚ್ಚು ಚೊಕ್ಕವಾಗಿದೆ ಅನ್ನಿಸುತ್ತದೆ. ಹಸಿ ಮೊಟ್ಟೆ ಹಾಕುವ ಪುಡಿಗೆ ಡಫ್ ಕಂಪನಿ 1935ರಲ್ಲೇ ಪೇಟೆಂಟ್ ಪಡೆದಿತ್ತು. ಒಣ ಮೊಟ್ಟೆಗಿಂತ ಹಸಿ ಮೊಟ್ಟೆಯ ಕೇಕು ರುಚಿ ಎಂಬ ಸರಳ ಕಾರಣವೂ ಇತ್ತು. ಆ ಕಾಲದ ಅಡುಗೆಯ ಚರಿತ್ರೆಯನ್ನು 2004ರಲ್ಲಿ ಬರೆದ ಲಾರಾ ಶಪೀರೋ ಬೇರೆ ಕಡೆ ಬೆರಳು ತೋರಿಸುತ್ತಾರೆ. ಕಂಪನಿಗಳು ಕಂಡುಕೊಂಡ ದೊಡ್ಡ ದಾರಿ ಅಲಂಕಾರ. ಕೇಕು ಪೊಟ್ಟಣದ್ದಾದರೇನು, ಮೇಲಿನ ಕೆಲಸ ನಿನ್ನದೇ ಎಂದು ಜಾಹೀರಾತುಗಳು ಹೇಳತೊಡಗಿದವು. ಪುಡಿ ಉಳಿಸಿಕೊಟ್ಟ ಅರ್ಧ ಗಂಟೆಯನ್ನು ಐಸಿಂಗು ಎರಡು ಗಂಟೆಯಾಗಿ ವಸೂಲು ಮಾಡಿತು.

ಮನೆಗೆ ಬಂದ ಯಂತ್ರಗಳು ತಾಯಂದಿರ ಕೆಲಸವನ್ನು ಕಡಿಮೆ ಮಾಡಲಿಲ್ಲ, ಅವರಿಂದ ನಿರೀಕ್ಷಿಸುವ ಮಟ್ಟವನ್ನು ಏರಿಸಿದವು ಎಂದು ರೂತ್ ಶ್ವಾರ್ಟ್ಸ್ ಕೋವನ್ 1983ರಲ್ಲಿ ವಾದಿಸಿದ್ದರು. ಕೇಕಿನ ಮೇಲ್ಮೈ ಅದಕ್ಕೆ ಒಳ್ಳೆಯ ಉದಾಹರಣೆ. ಆದರೆ ವಾದವನ್ನು ಅಲ್ಲಿಗೇ ನಿಲ್ಲಿಸಿದರೆ ಅರ್ಧ ಮಾತ್ರ ಹೇಳಿದಂತೆ. ಆ ಎರಡು ಗಂಟೆಗಳಲ್ಲಿ ಹೆಂಗಸರು ಒಂದು ಕಸುಬನ್ನೂ ಕಲಿತರು. ಅದಕ್ಕೆ ಶಾಲೆಯಿತ್ತು, ಸಲಕರಣೆಯಿತ್ತು, ಲೆಕ್ಕವಿತ್ತು.

ಶಿಕಾಗೋದ ಡ್ಯೂಯಿ ಮೆಕಿನ್ಲಿ ವಿಲ್ಟನ್ 1929ರಲ್ಲಿ ಸಕ್ಕರೆಯ ಅಲಂಕಾರ ಕಲಿಸಲು ಶುರುಮಾಡಿದಾಗ ವಿದ್ಯಾರ್ಥಿಗಳು ಹೋಟೆಲ್ಲಿನ ಬಾಣಸಿಗರು, ಮಿಠಾಯಿಯವರು. ಮುಂದಿನ ದಶಕಗಳಲ್ಲಿ ಅದೇ ವಿದ್ಯೆ ಪುಸ್ತಕ, ಪೆಟ್ಟಿಗೆ, ವಾರಕ್ಕೊಂದು ತರಗತಿಯ ರೂಪದಲ್ಲಿ ಮನೆಗಳಿಗೆ ಬಂತು. ಕಸುಬಿನ ಗುಟ್ಟನ್ನು ಮುರಿದದ್ದು ನಾಜಲ್‌ಗಳ ಮೇಲಿನ ಅಂಕಿಗಳು. ಗುಲಾಬಿಯ ಎಸಳಿಗೆ 104, ಎಲೆಗೆ 352, ಕಪ್‌ಕೇಕಿನ ಮೇಲಿನ ದೊಡ್ಡ ಸುರುಳಿಗೆ 1ಎಂ. ಗುಲಾಬಿಗೂ ಒಂದು ಲೆಕ್ಕ: ಅಗಲ ತಲೆಯ ಮೊಳೆಯಂಥ ಕಡ್ಡಿಯ ಮೇಲೆ ಕ್ರೀಮಿನ ಗೋಪುರ, ಅದಕ್ಕೆ ಸುತ್ತಿದ ಮೊಗ್ಗು, ಮೇಲೆ ಮೂರು ಎಸಳು, ಆಮೇಲೆ ಐದು, ಆಮೇಲೆ ಏಳು. ಬಲಗೈ ಹಿಂಡುತ್ತದೆ, ಎಡಗೈ ಬೆರಳು ಮೊಳೆ ತಿರುಗಿಸುತ್ತದೆ. ಎರಡೂ ಒಂದೇ ಲಯಕ್ಕೆ ಬರಬೇಕು. ಬರುವವರೆಗೆ ಎಸಳುಗಳು ಹರಿದ ಬಟ್ಟೆಯಂತೆ ಕಾಣುತ್ತವೆ.

ಇದನ್ನು ಕಲಿಯಲು ಒಳ್ಳೆಯ ಪಾಟಿಯಾದದ್ದು ಕಪ್‌ಕೇಕ್. ಸಣ್ಣ ಬಟ್ಟಲುಗಳಲ್ಲಿ ಬೇಯಿಸುವ ಕೇಕು ಅಮೆರಿಕದ ಅಡುಗೆ ಪುಸ್ತಕಗಳಲ್ಲಿ 1796ರಷ್ಟು ಹಿಂದೆಯೇ ಇದೆ. ಕಲಿಯುವವರಿಗೆ ಅದರ ಉಪಕಾರ ದೊಡ್ಡದು: ಒಂದು ಕೆಟ್ಟರೆ ಇನ್ನೂ ಹನ್ನೊಂದು ಉಳಿದಿರುತ್ತವೆ.

ವಿಲ್ಟನ್ ದಾರಿ ಕೈ ಪಳಗಿಸುವ ದಾರಿ. ಅದಕ್ಕೆ ಪೂರ್ತಿ ಎದುರಾದ ಇನ್ನೊಂದು ದಾರಿ ಆಸ್ಟ್ರೇಲಿಯಾದಲ್ಲಿ ಹುಟ್ಟಿತು. ಆ ದೇಶಕ್ಕೂ ಕೇಕಿಗೂ ಹಳೆಯ ನಂಟಿದೆ. 1947ರಲ್ಲಿ ರಾಜಕುಮಾರಿ ಎಲಿಜಬೆತ್ ಮದುವೆಯಾದಾಗ ಬ್ರಿಟನ್ನಿನಲ್ಲಿ ರೇಷನ್ ಇನ್ನೂ ಇತ್ತು. ಒಂಬತ್ತು ಅಡಿಯ ಆ ಕೇಕಿಗೆ ಸಾಮಗ್ರಿ ಕಳಿಸಿದವರು ಆಸ್ಟ್ರೇಲಿಯಾದ ಗರ್ಲ್ ಗೈಡ್ಸ್ ಹುಡುಗಿಯರು. ಹಾಗಾಗಿ ಅದಕ್ಕೆ ಹತ್ತು ಸಾವಿರ ಮೈಲಿಯ ಕೇಕು ಎಂದೇ ಹೆಸರಾಯಿತು. ಅದೇ ದೇಶದ 'ಆಸ್ಟ್ರೇಲಿಯನ್ ವಿಮೆನ್ಸ್ ವೀಕ್ಲಿ' ಪತ್ರಿಕೆ 1980ರಲ್ಲಿ ಮಕ್ಕಳ ಹುಟ್ಟುಹಬ್ಬದ ಕೇಕುಗಳ ಪುಸ್ತಕ ತಂದಿತು. ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾದ ಪುಸ್ತಕ ಅದು.

ಅದರಲ್ಲಿ ನಾಜಲ್ ವಿದ್ಯೆಗಿಂತ ಚಾಕು ಮತ್ತು ಚಿಲ್ಲರೆ ಅಂಗಡಿಯ ಬುದ್ಧಿ ಹೆಚ್ಚು. ಪೊಟ್ಟಣದ ಕೇಕನ್ನೇ ಬಳಸಿ ಎಂದು ಅದು ನಾಚಿಕೆಯಿಲ್ಲದೆ ಹೇಳುತ್ತದೆ. ಎಲ್ಲರ ಮನೆಯಲ್ಲೂ ಒಂದೇ ಅಳತೆ ಬರಬೇಕಲ್ಲ. ಬೆಂದ ಕೇಕನ್ನು ನಕ್ಷೆಯಂತೆ ಕತ್ತರಿಸಿ ಜೋಡಿಸಿದರೆ ರೈಲು. ಮೇಲೆ ಜೆಲ್ಲಿ ತುಂಬಿದರೆ ಈಜುಕೊಳ. ಹಳದಿ ಬಾತುಕೋಳಿಗೆ ಆಲೂಗೆಡ್ಡೆ ಚಿಪ್ಸಿನ ಕೊಕ್ಕು, ತಲೆಗೆ ಪಾಪ್‌ಕಾರ್ನಿನ ಜುಟ್ಟು. ಯಾವ ಮಿಠಾಯಿಗಾರನೂ ಒಪ್ಪದ ಅಲಂಕಾರ. ಆದರೆ ಆ ದೇಶದಲ್ಲಿ ಒಂದು ಇಡೀ ತಲೆಮಾರು ಹುಟ್ಟುಹಬ್ಬಕ್ಕೆ ವಾರಗಳ ಮುಂಚೆಯೇ ಆ ಪುಸ್ತಕ ಮಡಿಲಲ್ಲಿಟ್ಟುಕೊಂಡು ಪುಟ ತಿರುಗಿಸುತ್ತ ಬೆಳೆಯಿತು. ಆರಿಸುವ ಹಕ್ಕು ಮಗುವಿನದು, ರಾತ್ರಿ ಎದ್ದಿರುವ ಕರ್ಮ ತಾಯಿಯದು. 'ಬ್ಲೂಯಿ' ಎಂಬ ಕಾರ್ಟೂನ್ ಸರಣಿಯ 2020ರ ಒಂದು ಕಂತಿನಲ್ಲಿ ಅಂಥದೇ ಬಾತುಕೋಳಿ ಕೇಕು ಬರುತ್ತದೆ. ಅಲ್ಲಿ ಒದ್ದಾಡುವವನು ಅಪ್ಪ. ನಲವತ್ತು ವರ್ಷದಲ್ಲಿ ಅಷ್ಟು ಬದಲಾವಣೆಯಾದರೂ ಆಯಿತು.

ನಮ್ಮ ಕಡೆಗೆ ಕೇಕು ಬಂದದ್ದು ಅಂಗಡಿಯ ದಾರಿಯಿಂದ. ಹಾಸನದ ಕಡೆಯಿಂದ ಬೆಂಗಳೂರಿಗೆ ಬಂದ ಅಯ್ಯಂಗಾರ್ ಬೇಕರಿಗಳು ಮೊಟ್ಟೆಯ ಗೊಡವೆಯಿಲ್ಲದೆ ಹನಿ ಕೇಕು ಮಾಡಿದವು: ಪಾಕದಲ್ಲಿ ನೆನೆದ ಸ್ಪಂಜು, ಮೇಲೆ ಕೆಂಪು ಜಾಮು, ಅದರ ಮೇಲೆ ಕೊಬ್ಬರಿ ತುರಿ. ಅದೂ ಅಲಂಕಾರವೇ, ನಮ್ಮ ಅಂಗಡಿಗಳ ಅತ್ಯಂತ ಯಶಸ್ವಿ ಅಲಂಕಾರ. ಇನ್ನೊಂದು ತುದಿಯಲ್ಲಿ, 1970ರ ದಶಕದಿಂದ ಡಿಸೆಂಬರಿನಲ್ಲಿ ನಡೆದುಬಂದಿರುವ ಬೆಂಗಳೂರಿನ ಕೇಕ್ ಪ್ರದರ್ಶನವಿದೆ. ಸಕ್ಕರೆಯ ಅರಮನೆ, ಚರ್ಚುಗಳನ್ನು ಟಿಕೆಟ್ ಕೊಂಡು ನೋಡುವ ಆ ಸಾಲು ಲಂಡನ್ನಿನ ಟ್ವೆಲ್ಫ್ತ್ ಕೇಕಿನ ಕಿಟಕಿಗಳ ನೇರ ವಾರಸುದಾರ. ಅದರ ಹಿಂದಿರುವ ಬೇಕಿಂಗ್ ಮತ್ತು ಕೇಕ್ ಕಲೆಯ ಶಾಲೆಯಲ್ಲಿ ಕಸುಬಿಗಾಗಿ ಕಲಿಯುವವರ ಪಕ್ಕದಲ್ಲಿ ಗೃಹಿಣಿಯರೂ ಕೂತು ಕಲಿತಿದ್ದಾರೆ.

ಮನೆಯೊಳಗೆ ಕೇಕು ಅಷ್ಟು ಸಲೀಸಾಗಿ ಬರಲಿಲ್ಲ. ನಕ್ಷತ್ರ ನೋಡಿ ಎಣ್ಣೆನೀರು ಹಾಕಿ, ಆರತಿ ಎತ್ತಿ, ಪಾಯಸ ಮಾಡುವ ಹುಟ್ಟುಹಬ್ಬ ನಮ್ಮದು. ಮಗುವಿನ ಮುಂದೆ ದೀಪ ಊದಿ ಆರಿಸುವುದನ್ನು ಕಂಡು ಅಜ್ಜಿಯರು ಬೆಚ್ಚಿದ್ದು ಸಹಜ. ಮೇಣದಬತ್ತಿ ಹಚ್ಚಿದ ಹುಟ್ಟುಹಬ್ಬದ ಕೇಕಿನ ಉಲ್ಲೇಖ ಜರ್ಮನಿಯಲ್ಲಿ 1746ರಷ್ಟು ಹಳೆಯದು, ಪ್ರಭು ತ್ಸಿಂಜೆಂಡಾರ್ಫನ ಹಬ್ಬದ್ದು. ಅಜ್ಜಿಗೆ ಅದನ್ನು ಹೇಳಿ ಏನು ಪ್ರಯೋಜನ? ಎಷ್ಟೋ ಮನೆಗಳು ಬೆಳಿಗ್ಗೆ ಆರತಿ, ಸಂಜೆ ಕೇಕು ಎಂದು ರಾಜಿ ಮಾಡಿಕೊಂಡವು. ಓವನ್ ಇಲ್ಲದವರು ಕುಕ್ಕರಿನ ತಳಕ್ಕೆ ಉಪ್ಪು ಸುರಿದು, ಗ್ಯಾಸ್ಕೆಟ್ ತೆಗೆದು, ಮಿಲ್ಕ್‌ಮೇಡ್ ಡಬ್ಬಿಯ ಕೇಕನ್ನು ಬೇಯಿಸಿದರು.

2020ರ ಲಾಕ್‌ಡೌನಿನಲ್ಲಿ ಬೇಕರಿಗಳು ಮುಚ್ಚಿದಾಗ ಈ ಕಲಿಕೆಗೆ ವೇಗ ಬಂತು. ಕಲಿಯಲು ಕೂತ ಕೈಗಳು ಹೊಸವೇನಾಗಿರಲಿಲ್ಲ. ಚಕ್ಕುಲಿ ಒರಳಿನ ನಕ್ಷತ್ರದ ಬಿಲ್ಲೆ ಗೊತ್ತಿದ್ದವರಿಗೆ 1ಎಂ ನಾಜಲ್ ಗುರುತಿನ ಮುಖವೇ. ಮೆಹಂದಿ ಕೋನು ಹಿಡಿದವರಿಗೆ ಹಿಂಡುವ ಹದ ಗೊತ್ತು. ರಂಗೋಲಿ ಎಳೆದವರಿಗೆ ಗೆರೆ ಎಲ್ಲಿ ನಿಲ್ಲಬೇಕೆಂದು ಗೊತ್ತು. ಕೈಕೊಟ್ಟದ್ದು ಹವೆ. ಶಿಕಾಗೋದ ಚಳಿಯಲ್ಲಿ ನಿಲ್ಲುವ ಬೆಣ್ಣೆಯ ಗುಲಾಬಿ ರಾಯಚೂರಿನ ಏಪ್ರಿಲ್ಲಿನಲ್ಲಿ ನಿಲ್ಲುವುದಿಲ್ಲ. ಮನೆಯ ಕೇಕುಗಳೂ ಬೇಕರಿಯವರಂತೆ ಎಣ್ಣೆಕೊಬ್ಬಿನ ವಿಪ್ಪಿಂಗ್ ಕ್ರೀಮಿಗೆ ವಾಲಿದ್ದಕ್ಕೆ ಇದೂ ಒಂದು ಕಾರಣ. ರುಚಿಯಲ್ಲಿ ಅದು ಬೆಣ್ಣೆಯ ಹತ್ತಿರ ಸುಳಿಯದು ಎಂಬುದು ನನ್ನ ಅಭಿಪ್ರಾಯ.

ಈಗ ಯಂತ್ರ ಮೇಲಿನ ಅರ್ಧ ಅಂಗುಲಕ್ಕೂ ಕೈ ಹಾಕಿದೆ. ತಿನ್ನಬಹುದಾದ ಶಾಯಿಯಲ್ಲಿ ಮಗುವಿನ ಮುಖವನ್ನೇ ಮುದ್ರಿಸಿ ಕೊಡುವ ಫೋಟೋ ಕೇಕು ತಾಲ್ಲೂಕು ಕೇಂದ್ರಗಳಲ್ಲೂ ಸಿಗುತ್ತದೆ. ಅದೇ ಹೊತ್ತಿಗೆ, ಜೋಸೆಫ್ ಲ್ಯಾಂಬೆತ್ 1934ರ ಪುಸ್ತಕದಲ್ಲಿ ಕಲಿಸಿದ, ಸುರುಳಿಯ ಮೇಲೆ ಸುರುಳಿ ಹಿಂಡುವ ಹಳೆಯ ಪದ್ಧತಿ ಹೊಸ ಹುಡುಗಿಯರ ಕೈಯಲ್ಲಿ ಮತ್ತೆ ಬಂದಿದೆ. ಫೋಟೋ ಕೇಕಿನಲ್ಲೂ ಹೆಸರು ಬರೆಯುವ ಕೆಲಸ ಬಹುಪಾಲು ಕೋನಿನದೇ. ಅದನ್ನು ಕನ್ನಡದಲ್ಲಿ ಬರೆಯಲು ಹೊರಟವರಿಗೆ ಇಂಗ್ಲಿಷ್ ಪುಸ್ತಕಗಳು ಹೇಳಿಕೊಡದ ಒಂದು ಕೆಲಸ ಬೀಳುತ್ತದೆ. ದುಂಡಕ್ಷರಗಳು ಕ್ರೀಮಿಗೆ ಹೇಳಿಮಾಡಿಸಿದಂತಿವೆ, ಕೈ ಎತ್ತದೆ ಹರಿಯುತ್ತವೆ. ಆದರೆ ಲಕ್ಷ್ಮಿ, ಕೃಷ್ಣ, ಐಶ್ವರ್ಯ ಎಂಬ ಹೆಸರುಗಳಿಗೆ ಸಾಲಿನ ಕೆಳಗೂ ಜಾಗ ಬೇಕು. ಹಾಗಾಗಿ ಮೊದಲು ಹಲ್ಲುಕಡ್ಡಿಯಿಂದ ಎರಡು ಗೆರೆ ಗೀಚಿಕೊಂಡು, ಒತ್ತಕ್ಷರಕ್ಕೆ ಒಂದು ಬೆರಳಗಲ ಬಿಟ್ಟು, ಆಮೇಲೆ ಬರೆಯುತ್ತಾರೆ.